ಕಂಕುಳಲ್ಲಿ ಜಿಪ್ ಇರುವ ಜಾಕೆಟ್

ಬೀದರ್, 2024 ಜುಲೈ 21, ಭಾನುವಾರ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಇಂಥ ದಿನಕ್ಕೇ ಕಾಯುತ್ತಿದ್ದೆ. ಹೊಸ ಜಾಕೆಟ್ ಹಾಕಿಕೊಂಡು ಸೈಕಲ್ ಮೇಲೆ ಜನವಾಡದ ತನಕ ಹೋಗಿ ಬಂದೆ. ಈಗ ತಲೆ ಒರೆಸಿಕೊಂಡು, ಚಹಾ ಕುಡಿದು, ಮರೆಯುವ ಮೊದಲು ಬರೆಯುತ್ತಿದ್ದೇನೆ.

ಹೋದ ವರ್ಷದ ಕತೆ ಮೊದಲು ಹೇಳಬೇಕು. ನಾನು ಪಾಠ ಮಾಡುವ ಶಾಲೆ ಔರಾದ್ ರಸ್ತೆಯಲ್ಲಿದೆ, ಮನೆಯಿಂದ ಸೈಕಲ್ ಮೇಲೆ ಮುಕ್ಕಾಲು ಗಂಟೆ. ಮಳೆಗಾಲಕ್ಕೆ ಅಂತ ಒಂದು ದಪ್ಪ ಪ್ಲಾಸ್ಟಿಕ್ ರೇನ್‌ಕೋಟ್ ತಂದಿದ್ದೆ. ಶಾಲೆ ಮುಟ್ಟುವಷ್ಟರಲ್ಲಿ ಅಂಗಿ ತೊಯ್ದು ಮೈಗೆ ಅಂಟಿರುತ್ತಿತ್ತು, ಅದೇ ಅಂಗಿಯಲ್ಲಿ ಮಧ್ಯಾಹ್ನದವರೆಗೆ ನಡುಗುತ್ತಾ ಪಾಠ. ಹೊಲಿಗೆಯಲ್ಲಿ ಎಲ್ಲೋ ನೀರು ಇಳಿಯುತ್ತಿದೆ ಅಂದುಕೊಂಡೆ. ಒಂದು ರಾತ್ರಿ ಕೋಟಿನ ಬೆನ್ನಿನ ಭಾಗವನ್ನು ಜೋಳಿಗೆ ಹಾಗೆ ಎತ್ತಿ ಕಟ್ಟಿ, ಒಳಗೆ ಎರಡು ತಂಬಿಗೆ ನೀರು ಸುರಿದು ನೋಡಿದೆ. ಹತ್ತು ನಿಮಿಷವಾದರೂ ಒಂದು ಹನಿ ಕೆಳಗೆ ಬೀಳಲಿಲ್ಲ. ಅಂದರೆ ದಿನಾ ನನ್ನ ಅಂಗಿ ತೋಯಿಸುತ್ತಿದ್ದದ್ದು ನನ್ನದೇ ಬೆವರು!

ಆಗಿನಿಂದ ಉಸಿರಾಡುವ ಬಟ್ಟೆಯ ಬಗ್ಗೆ ಓದತೊಡಗಿದೆ. ಇದರಲ್ಲಿ ಎಲ್ಲರೂ ಕೇಳಿರುವ ಹೆಸರು ಗೋರ್-ಟೆಕ್ಸ್. 1969ರಲ್ಲಿ ಅಮೆರಿಕದ ಬಾಬ್ ಗೋರ್ ಪಿಟಿಎಫ್‌ಇ ಅನ್ನುವ ವಸ್ತುವನ್ನು ಕಾಯಿಸಿ ಜೋರಾಗಿ ಎಳೆದಾಗ ಅದು ಹರಿಯದೆ ಹಿಗ್ಗಿ, ತುಂಬಾ ಸಣ್ಣ ತೂತುಗಳ ವಸ್ತುವಾಯಿತು. ನಾನ್‌ಸ್ಟಿಕ್ ದೋಸೆ ಹಂಚಿಗೆ ಬಳಿಯುವುದೂ ಇದೇ ಪಿಟಿಎಫ್‌ಇ. ಮಳೆ ಹನಿ ಆ ತೂತಿನಲ್ಲಿ ತೂರಲಾರದು, ಬೆವರಿನ ಆವಿ ಮಾತ್ರ ಆರಾಮಾಗಿ ಹೊರಗೆ ಹೋಗುತ್ತದೆ. ಈಗ ಬೇರೆ ಕಂಪನಿಗಳ ಇಂಥ ಬಟ್ಟೆಗಳೂ ಬೇಕಾದಷ್ಟಿವೆ.

ಹೈದರಾಬಾದಿಗೆ ಹೋದಾಗ ಒಂದು ದೊಡ್ಡ ಅಂಗಡಿಯಲ್ಲಿ ಎರಡು ತಾಸು ಕಳೆದೆ. ಚೀಟಿಗಳ ಮೇಲೆ 10,000/10,000 ಅಂತ ಇರುತ್ತದೆ. ಮೊದಲನೆಯದು ನೀರು ತಡೆಯುವ ಲೆಕ್ಕ: ಬಟ್ಟೆಯ ಮೇಲೆ 10,000 ಮಿಲಿಮೀಟರ್, ಅಂದರೆ 10 ಮೀಟರ್ ಎತ್ತರ ನೀರು ನಿಲ್ಲಿಸಿದರೂ ಸೋರುವುದಿಲ್ಲ ಅಂತ. ಸೈಕಲ್‌ಗೆ ಇಷ್ಟು ಸಾಕು. ಎರಡನೆಯದು 24 ಗಂಟೆಯಲ್ಲಿ ಒಂದು ಚದರ ಮೀಟರ್ ಬಟ್ಟೆಯಿಂದ ಎಷ್ಟು ಗ್ರಾಂ ಆವಿ ಹೊರಗೆ ಹೋಗುತ್ತದೆ ಅನ್ನುವುದು. ಅಲ್ಲೇ ನಿಂತು ಲೆಕ್ಕ ಹಾಕಿದೆ. ಜಾಕೆಟ್‌ಗೆ ಒಂದೂವರೆ ಚದರ ಮೀಟರ್ ಬಟ್ಟೆ ಅಂತ ಹಿಡಿದರೆ ಗಂಟೆಗೆ ಸುಮಾರು 600 ಗ್ರಾಂ ಆಗುತ್ತದೆ. ಏರು ತುಳಿಯುವಾಗ ಒಬ್ಬ ಮನುಷ್ಯ ಗಂಟೆಗೆ ಒಂದು ಲೀಟರ್ ಬೆವರಬಹುದು. ಉಳಿದದ್ದು ಎಲ್ಲಿ ಹೋಗಬೇಕು?

ಅದೂ ಪ್ರಯೋಗಾಲಯದ ಲೆಕ್ಕ. ಆವಿ ಹೊರಗೆ ಹೋಗಬೇಕಾದರೆ ಒಳಗಿಗಿಂತ ಹೊರಗೆ ತೇವ ಕಡಿಮೆ ಇರಬೇಕು. ಯುರೋಪಿನ ಥಂಡಿ ಮಳೆಯಲ್ಲಿ ಜಾಕೆಟ್‌ನ ಒಳಗೂ ಹೊರಗೂ ದೊಡ್ಡ ಅಂತರ ಇರುತ್ತದೆ, ಬಟ್ಟೆ ತನ್ನ ಕೆಲಸ ಮಾಡುತ್ತದೆ. ನಮ್ಮ ಮಳೆ ಬೆಚ್ಚಗಿನ ಮಳೆ. ಆಷಾಢದಲ್ಲಿ ತಂತಿ ಮೇಲೆ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ ಅಲ್ವಾ, ಅಂಥ ಗಾಳಿಗೆ ಆವಿ ಬಿಡು ಅಂದರೆ ಎಷ್ಟು ಒಳ್ಳೆ ಬಟ್ಟೆಯೂ ಸೋಲುತ್ತದೆ. ಅದಕ್ಕೇ ದೊಡ್ಡ ನಂಬರ್‌ಗೆ ಸುಮ್ನೆ ಜಾಸ್ತಿ ದುಡ್ಡು ಕೊಡುವುದು ಬೇಡ, ಗಾಳಿ ಆಡುವ ದಾರಿ ಇರುವ ಜಾಕೆಟ್ ತಗೊಳ್ಳೋಣ ಅಂತ ಗಟ್ಟಿ ಮಾಡಿದೆ. ನಮ್ಮ ಅಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದ. ತಲೆ, ಬೆನ್ನು ಮುಚ್ಚಿರುತ್ತಿತ್ತು, ಮುಂದೆ ಪೂರ್ತಿ ತೆರೆದಿರುತ್ತಿತ್ತು.

ತಂದದ್ದು ಹಳದಿ ಜಾಕೆಟ್. ಎರಡೂ ಕಂಕುಳಲ್ಲಿ ಉದ್ದ ಜಿಪ್, ಬೆನ್ನ ಮೇಲೆ ಮುಚ್ಚಳದ ಕೆಳಗೆ ಜಾಲರಿ, ಒಳಗಿನ ಹೊಲಿಗೆಗಳಿಗೆಲ್ಲ ಟೇಪ್. ಹಿಂದಿನ ಅಂಚು ಮುಂದಿಗಿಂತ ಒಂದು ಗೇಣು ಉದ್ದ. ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಸೈಕಲ್ ಮೇಲೆ ಕೂತು, ಹ್ಯಾಂಡಲ್ ಹಿಡಿದು ಬಾಗಿ ನೋಡಿದೆ. ನಿಂತಾಗ ಸರಿಯಾಗಿದ್ದ ಇನ್ನೊಂದು ಜಾಕೆಟ್ ಬಾಗಿದ ಕೂಡಲೇ ಸೊಂಟದಿಂದ ಮೇಲೆ ಸರಿದು, ತೋಳೂ ಮಣಿಕಟ್ಟು ಬಿಟ್ಟು ಹಿಂದೆ ಹೋಗಿತ್ತು. ನೀವೂ ಕೊಳ್ಳುವಾಗ ಬಾಗಿ ನೋಡಿ.

ಇವತ್ತು ಇಳಿಯುವಾಗ ಜಿಪ್ ಎಲ್ಲ ಮುಚ್ಚಿದ್ದೆ. ಬೀದರ್ ಎತ್ತರದ ಮೇಲಿದೆ, ಕೆಂಪು ನೆಲ ಮುಗಿದು ಮಾಂಜ್ರಾ ಕಡೆಯ ಕಪ್ಪು ಎರೆ ಹೊಲಗಳು ಬರುವ ತನಕ ಹೆಚ್ಚು ತುಳಿಯುವುದೇ ಬೇಡ. ಮೈ ಒಣಗಿತ್ತು. ವಾಪಸ್ ಬರುವಾಗ ಏರು ಶುರುವಾಗುವ ಮೊದಲೇ ಕಂಕುಳ ಜಿಪ್ ತೆರೆದೆ, ಎದೆಯ ಜಿಪ್ ಅರ್ಧ ಇಳಿಸಿದೆ. ಬೆವರು ಬಂದ ಮೇಲೆ ತೆರೆದರೆ ತಡವಾಗುತ್ತದೆ. ಎದೆಗೆ ಒಂದಿಷ್ಟು ಹನಿ ಬಿದ್ದವು. ಪರವಾಗಿಲ್ಲ, ಒಳಗೆ ಹತ್ತಿ ಬನಿಯನ್ ಬಿಟ್ಟು ತೆಳು ಪಾಲಿಯೆಸ್ಟರ್ ಟೀ ಶರ್ಟ್ ಹಾಕಿದ್ದೆ. ಮನೆಗೆ ಬಂದು ಮುಟ್ಟಿ ನೋಡಿದರೆ ಬೆನ್ನು ತುಸು ಹಸಿ, ತೋಳಿನೊಳಗೆ ಸ್ವಲ್ಪ ಅಂಟು, ಅಷ್ಟೇ. ಹಿಂಡಿದರೆ ನೀರು ಬರುವ ಹೋದ ವರ್ಷದ ಅಂಗಿ ಎಲ್ಲಿ, ಇದೆಲ್ಲಿ! ಇದೇ ಶರ್ಟ್‌ನಲ್ಲಿ ನಾನು ತರಗತಿಗೆ ಹೋಗಬಲ್ಲೆ.

ಬೆನ್ನ ತುಂಬಾ ಕೆಂಪು ರಾಡಿ ಹತ್ತಿದೆ. ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಹಾಕಿಸಲೇಬೇಕು. ರಾಡಿ, ಎಣ್ಣೆ ಕೂತರೆ ಹೊರಬಟ್ಟೆ ನೀರು ಹೀರಿ ಭಾರವಾಗುತ್ತದೆ, ಆಗ ಆವಿ ಹೋಗುವ ದಾರಿಯೂ ಮುಚ್ಚುತ್ತದೆ. ಮನೆಯಲ್ಲಿ ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಸಾಫ್ಟ್‌ನರ್ ಇದಕ್ಕೆ ತಾಗಬಾರದು ಅಂತ ಹೇಳಿ, ಬೇರೆ ಬಕೆಟ್‌ನಲ್ಲಿ ನಾನೇ ತೊಳೆದು ಹಗ್ಗದ ಮೇಲೆ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಎಂಟಕ್ಕೆ ಮತ್ತೆ ಬೇಕು.