ಅಜ್ಜಿ ಊರಲ್ಲಿ ಕೌನ್ಸಿಲ್ ಇಲ್ವಾ?

ಹೋದ ಭಾನುವಾರ ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ ಬೆಂಗಳೂರಿನಲ್ಲಿರುವ ಅಮ್ಮ ಹೇಳಿದರು: "ಪಾರ್ಕ್‌ಗೆ ಹೋಗೋದು ಬಿಟ್ಟುಬಿಟ್ಟೆ ಕಣೇ. ರಸ್ತೆ ದಾಟೋಕೇ ಆಗಲ್ಲ. ಮುಂದೆ ಕಾಲಿಟ್ಟರೆ ಬೈಕು, ಹಿಂದೆ ಸರಿದರೆ ಆಟೋ." ಅಷ್ಟು ಹೇಳಿ ಹಪ್ಪಳದ ವಿಷಯಕ್ಕೆ ಹೋದರು. ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ ಪಾರ್ಕು ಅದು. ಗೆಳತಿಯರೆಲ್ಲ ಸಿಗುತ್ತಿದ್ದದ್ದೇ ಅಲ್ಲಿ. ಆಮೇಲಿನ ಮಾತು ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಪಕ್ಕದಲ್ಲೇ ಕೂತಿದ್ದ ಏಳು ವರ್ಷದ ಮಗಳು ಎಲ್ಲ ಕೇಳಿಸಿಕೊಂಡಿದ್ದಳು. "ಅಜ್ಜಿಗೆ ಬಾವುಟದ ತಾತ ಇಲ್ವಾ?" ಇಲ್ಲ ಪುಟ್ಟಿ ಅಂದೆ. "ಯಾಕೆ? ಅಜ್ಜಿ ಊರಲ್ಲಿ ಕೌನ್ಸಿಲ್ ಇಲ್ವಾ?"

ಬಾವುಟದ ತಾತ ಅಂದರೆ ಇಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಅವಳ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವರು. ಎಪ್ಪತ್ತು ದಾಟಿರಬೇಕು. ಬೆಳಿಗ್ಗೆ ಬಂದು ರಸ್ತೆಯ ಎರಡೂ ಬದಿಗೆ ಕೆಂಪು ಬಾವುಟ ಸಿಕ್ಕಿಸುತ್ತಾರೆ. ಕೈಯಲ್ಲಿ ಉದ್ದ ಕೋಲಿನ 'ಸ್ಟಾಪ್' ಫಲಕ. ಅವರು ರಸ್ತೆಗಿಳಿದರೆ ಎಂಥ ಲಾರಿಯೂ ನಿಲ್ಲಬೇಕು. ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಅಲ್ಲಿ ವೇಗ ಗಂಟೆಗೆ 40 ಕಿಲೋಮೀಟರ್ ಮೀರುವ ಹಾಗಿಲ್ಲ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಸ್ಥಳೀಯ ಕೌನ್ಸಿಲ್, ಅಂದರೆ ಬೆಂಗಳೂರಿಗೆ ಪಾಲಿಕೆ ಇದ್ದ ಹಾಗೆ. ಖರ್ಚಿನಲ್ಲಿ ರಾಜ್ಯ ಸರ್ಕಾರದ್ದೂ ಒಂದು ಪಾಲು ಇರುತ್ತದೆ. ನನ್ನ ಮಗಳ ಹೆಸರನ್ನು ಶಾಲೆಯಲ್ಲಿ ಇನ್ನೂ ಕೆಲವರು ತಪ್ಪಾಗಿ ಕರೆಯುತ್ತಾರೆ. ತಾತ ಎರಡನೇ ದಿನಕ್ಕೇ ಸರಿಯಾಗಿ ಕಲಿತರು.

ಅವಳು ಹುಟ್ಟಿದ ಹೊಸದರಲ್ಲಿ ಮನೆಗೆ ಬಂದ ನರ್ಸ್ ಕೂಡ ಕೌನ್ಸಿಲ್‌ನವರೇ. ಮೂರೂವರೆ ವರ್ಷದ ತನಕ ಹತ್ತು ಭೇಟಿ, ಒಂದು ಪೈಸೆ ಖರ್ಚಿಲ್ಲ. ಮಗುವಿನ ತೂಕ ನೋಡಿ ಆದ ಮೇಲೆ, "ನೀನು ಹೇಗಿದ್ದೀಯ? ನಿದ್ದೆ ಮಾಡ್ತಾ ಇದ್ದೀಯಾ? ಮನೆಯಲ್ಲಿ ಯಾರ ಭಯವಾದರೂ ಇದೆಯಾ?" ಎಂದು ನನ್ನನ್ನು ಕೇಳಿದ್ದರು. ಅಮ್ಮ ಹತ್ತಿರ ಇಲ್ಲದ ಬಾಣಂತನ ಅದು. ಆ ಪ್ರಶ್ನೆಗೆ ಅತ್ತುಬಿಟ್ಟಿದ್ದೆ.

ಹೀಗೆ ಬೆಳೆದ ಮಗುವಿಗೆ ಕೌನ್ಸಿಲ್ ಅಂದರೆ ಮನೆಗೆ ನಲ್ಲಿ ಇದ್ದ ಹಾಗೆ, ಇದ್ದೇ ಇರುತ್ತದೆ. ಅವಳಿಗೆ ಏನು ಹೇಳಲಿ? ಬೆಂಗಳೂರಿನವರು ಪಾಲಿಕೆಗೆ ಓಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳೇ ಕಳೆದವು. 2025ರಲ್ಲಿ ಪಾಲಿಕೆ ಒಂದಿದ್ದದ್ದು ಐದಾಯಿತು. ಅಷ್ಟು ವರ್ಷವೂ ಆರಿಸಿ ಬಂದ ಒಬ್ಬ ಸದಸ್ಯನೂ ಇರಲಿಲ್ಲ. ಮಗು ತಿಳಿಯದೆ ಕೇಳಿದ ಪ್ರಶ್ನೆ. ಉತ್ತರ ಮಾತ್ರ ನಿಜವಾಗಿಯೂ "ಇರಲಿಲ್ಲ ಪುಟ್ಟಿ" ಎಂಬುದೇ.

ನಾನು ಚಿಕ್ಕವಳಿದ್ದಾಗ ಹೀಗಿರಲಿಲ್ಲ. ನಮ್ಮ ಕಾರ್ಪೊರೇಟರ್ ಮನೆ ಎರಡು ಕ್ರಾಸ್ ಆಚೆ. ಬೀದಿ ದೀಪ ಕೆಟ್ಟಾಗ ಅಪ್ಪ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆತ ಪಂಚೆ ಉಟ್ಟು ಬಾಗಿಲಿಗೇ ಬಂದರು. ಅಪ್ಪ ಗಟ್ಟಿಯಾಗಿಯೇ ಬೈದರು. "ಮಾಡಿಸ್ತೀನಿ ಸ್ವಾಮಿ" ಅಂದರು ಆತ. ದೀಪ ಬರಲು ಎರಡು ತಿಂಗಳಾಯಿತು, ಆದರೆ ಬಂತು. ಬೈಯಲು ಒಂದು ಬಾಗಿಲಿತ್ತು, ಅಲ್ವಾ?

ನಾನು ಇನ್ನೂ ಈ ದೇಶದ ಪ್ರಜೆಯಲ್ಲ. ಆದರೂ ಮನೆ ಇದ್ದು ತೆರಿಗೆ ಕಟ್ಟುವವರು ಇಲ್ಲಿ ಅರ್ಜಿ ಕೊಟ್ಟು ಕೌನ್ಸಿಲ್ ಚುನಾವಣೆಗೆ ಹೆಸರು ಸೇರಿಸಬಹುದು. 2024ರ ಅಕ್ಟೋಬರ್‌ನಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬಂತು. ತುಂಬುವಾಗ ಕೈ ತಡೆಯಿತು. ಬೆಂಗಳೂರಲ್ಲೇ ಹುಟ್ಟಿ, ಒಂದು ಚುನಾವಣೆಯನ್ನೂ ತಪ್ಪಿಸದ ಅಮ್ಮ ನೆನಪಾದರು.

ಮೊನ್ನೆ ಬುಧವಾರ ಅವರೇ ಫೋನ್ ಮಾಡಿದ್ದರು. ದನಿಯಲ್ಲಿ ಖುಷಿ. "ಇವತ್ತು ಪಾರ್ಕ್‌ಗೆ ಹೋಗಿದ್ದೆ! ಹೂವಿನವಳು ವ್ಯಾಪಾರ ಬಿಟ್ಟು ಬಂದು ಕೈ ಹಿಡಿದು ದಾಟಿಸಿದಳು, ಪಾಪ." ಮಗಳು ಚಪ್ಪಾಳೆ ತಟ್ಟಿದಳು. ವಾಪಸ್ ಹೇಗೆ ಬಂದಿರಿ ಅಮ್ಮ ಅಂತ ಕೇಳಿದೆ.

"ಅಷ್ಟೊತ್ತಿಗೆ ಅವಳು ಹೂವು ಮುಗಿಸಿ ಹೋಗಿದ್ದಳು. ಅರ್ಧ ಗಂಟೆ ನಿಂತಿದ್ದೆ ಕಣೇ."