ಹೊಗೆ ಅಟ್ಟದ ಮೇಲೆ ಐನೂರು ಪುಸ್ತಕ

2025 ಜುಲೈ 18, ಶುಕ್ರವಾರ
ತೀರ್ಥಹಳ್ಳಿ ಹತ್ತಿರ, ಮನೆ

ಪುನರ್ವಸು ಮಳೆ ಬಿಡುವ ಲಕ್ಷಣ ಇಲ್ಲ. ಬೆಳಿಗ್ಗೆಯಿಂದ ಕರೆಂಟೂ ಇಲ್ಲ. ಜಗಲಿಯಲ್ಲಿ ಕೂತು ನನ್ನದೇ ಪುಸ್ತಕವನ್ನು ಕಪ್ಪು ಪೆನ್ನಿನಲ್ಲಿ ತಿದ್ದುತ್ತಿದ್ದೇನೆ. 61ನೇ ಪುಟ, ಮೇಲಿನಿಂದ ಒಂಬತ್ತನೇ ಸಾಲು. "ಮಗ" ಅಂತ ಇರುವಲ್ಲಿ ಮಕಾರದ ಕೆಳಗೆ ಸಣ್ಣದೊಂದು ಕೊಂಡಿ ಎಳೆದು "ಮೃಗ" ಮಾಡಬೇಕು. ಒಟ್ಟು 212 ಪ್ರತಿ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಆಯಿತು.

ನಿನ್ನೆ ಸಾಗರದಿಂದ ಒಬ್ಬರು ಫೋನ್ ಮಾಡಿದ್ದರು. "ಪುಸ್ತಕ ಚೆನ್ನಾಗಿದೆ. ಆದ್ರೆ ಮಗನನ್ನ ಕಂಡು ಎಲ್ಲರೂ ಯಾಕ್ರೀ ಓಡಿದ್ರಿ?" ನನಗೆ ತಲೆಬುಡ ಅರ್ಥವಾಗಲಿಲ್ಲ. ಪುಟ ತೆಗೆದು ನೋಡಿದೆ. "ಪೊದೆ ಸರಿಸಿ ನೋಡಿದರೆ ಅಲ್ಲಿ ಮಗ ಮಲಗಿತ್ತು. ಎದ್ದೆವೋ ಬಿದ್ದೆವೋ ಅಂತ ಓಡಿದೆವು."

ಆಗಿದ್ದು ಇಷ್ಟು. ನಾನು ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲಿ. ಪ್ರೆಸ್‌ನಲ್ಲಿ ಪುಟ ಕಟ್ಟಿದ್ದು ನುಡಿ ಫಾಂಟ್‌ನಲ್ಲಿ. ಅಲ್ಲಿಂದ ಇಲ್ಲಿಗೆ ಬದಲಾಯಿಸುವಾಗ ಕೆಲವು ಕಡೆ ಅಕ್ಷರದ ಕೆಳಗಿನ ಋ ಬಿದ್ದುಹೋಗಿತ್ತು. "ಹೃದಯ" "ಹದಯ" ಆಗಿದ್ದು, "ಕೃಷಿ" "ಕಷಿ" ಆಗಿದ್ದು ಪ್ರೂಫ್ ನೋಡುವಾಗ ಕಣ್ಣಿಗೆ ಬಿತ್ತು. ಇದು ಬೀಳಲಿಲ್ಲ. ಮಗ ಅನ್ನೋದೂ ಸರಿಯಾದ ಪದವೇ ಅಲ್ವಾ! "ಮಲಗಿತ್ತು" ಅನ್ನೋದನ್ನು ನೋಡಿಯಾದರೂ ಗೊತ್ತಾಗಬೇಕಿತ್ತು. ನಾವು ಬರೆದದ್ದನ್ನು ನಾವೇ ಓದುವಾಗ ಹಾಳೆಯ ಮೇಲೆ ಇರೋದು ಕಾಣೋದಿಲ್ಲ, ತಲೆಯಲ್ಲಿ ಇರೋದೇ ಕಾಣುತ್ತದೆ.

ಹಳೆಯ ಪ್ರಕಾಶಕರಲ್ಲಿ ಪ್ರೂಫ್ ನೋಡುವ ಹಿರಿಯರೊಬ್ಬರಿದ್ದರು. ಸಾಲಿನ ಕೆಳಗೆ ಮರದ ಸ್ಕೇಲು ಇಟ್ಟು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು. ಅವರಾಗಿದ್ದರೆ ಈ ಮೃಗವನ್ನು ಹಿಡಿಯುತ್ತಿದ್ದರು. ಆ ಪ್ರಕಾಶನ ಬಿಟ್ಟು ಬಂದದ್ದಕ್ಕೆ ನನಗೆ ಬೇಜಾರಾಗಿದ್ದು ಅವರೊಬ್ಬರ ವಿಷಯಕ್ಕೆ ಮಾತ್ರ.

ಮೊದಲ ಎರಡು ಪುಸ್ತಕ ಅಲ್ಲಿಂದಲೇ ಬಂದವು. ನೂರಕ್ಕೆ ಹತ್ತು ರಾಯಲ್ಟಿ ಅಂತ ಮಾತಾಗಿತ್ತು. ಎಷ್ಟು ಮಾರಾಟವಾಯಿತು ಅಂತ ಕೇಳಿದರೆ "ಇನ್ನೂ ಇದೆ ಮೇಡಂ" ಅನ್ನುತ್ತಿದ್ದರು. ಶಿವಮೊಗ್ಗದ ಅಂಗಡಿಯಲ್ಲಿ ಕೇಳಿದರೆ "ಇಲ್ಲ ಮೇಡಂ, ಖಾಲಿ" ಅನ್ನುತ್ತಿದ್ದರು. ಎರಡೂ ಒಟ್ಟಿಗೆ ನಿಜ ಇರೋದು ಹೇಗೆ? ಕೊನೆಗೆ ಒಂದು ದಿನ ದುಡ್ಡಿನ ಬದಲು ಐವತ್ತು ಪ್ರತಿಗಳ ಗಂಟು ಬಂತು. ಗೌರವಧನ ಕೇಳಿದರೆ ಗೌರವಪ್ರತಿ.

ಆಮೇಲೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ವಕೀಲಿ ಮಾಡುವ ನೆಂಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಮಾತು, "ಒಪ್ಪಂದ ಎಲ್ಲಿ?" ಮೊದಲ ಪುಸ್ತಕಕ್ಕೆ ಕಾಗದವೇ ಇರಲಿಲ್ಲ, ಎಲ್ಲ ಫೋನಿನಲ್ಲೇ ಆಗಿತ್ತು. ಎರಡನೆಯದಕ್ಕೆ 2018ರಲ್ಲಿ ಸಹಿ ಹಾಕಿದ ಒಂದು ಹಾಳೆ. ಅದರಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆದಿರಲಿಲ್ಲ. ಅವರು 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ತೆಗೆದು ತೋರಿಸಿದರು. ಬರಹದಲ್ಲಿ ಇಲ್ಲದೆ, ಸಹಿ ಇಲ್ಲದೆ ಹಕ್ಕು ಬೇರೆಯವರಿಗೆ ವರ್ಗ ಆಗೋದೇ ಇಲ್ಲ. ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೇ ಲೆಕ್ಕ. "ಮೊದಲನೆಯದು ಯಾವತ್ತೂ ಅವರದ್ದಾಗಿರಲಿಲ್ಲ, ಎರಡನೆಯದು 2023ಕ್ಕೆ ಮುಗೀತು. ಸುಮ್ನೆ ಅಳ್ತಾ ಕೂತಿದ್ರಿ" ಅಂದರು. ಫೀಸು ತಗೊಳ್ಳಲಿಲ್ಲ. ಎರಡು ಕೆಜಿ ಅಪ್ಪೆಮಿಡಿ ಕೇಳಿದರು.

ಮೂರನೆಯದನ್ನು ನಾನೇ ಹಾಕುತ್ತೇನೆ ಅಂದಾಗ ನೆಂಟರಿಷ್ಟರಿಂದ ಬಂದ ಪ್ರಶ್ನೆ ಒಂದೇ. "ಯಾರೂ ಹಾಕಲಿಲ್ವಾ?" ನಮ್ಮ ಸೀಮೆಯ ಕುವೆಂಪು ಅವರ ಎಷ್ಟೋ ಪುಸ್ತಕ ಬಂದದ್ದು ಅವರ ಮನೆಯ ಹೆಸರಿನ ಉದಯರವಿ ಪ್ರಕಾಶನದಿಂದ. ಗಳಗನಾಥರು ತಮ್ಮ ಪುಸ್ತಕ ತಾವೇ ಹೊತ್ತು ಊರೂರು ಅಲೆದು ಮಾರಿದವರು. ಇದನ್ನೆಲ್ಲ ಹೇಳಿದೆ. "ಅವ್ರು ಕುವೆಂಪು ಕಣೇ" ಅಂದರು. ಅದೂ ಸರಿ.

ದುಡ್ಡು ತಗೊಂಡು ಪುಸ್ತಕ ಮಾಡಿಕೊಡುವ ಒಂದು ಪ್ಯಾಕೇಜ್ ಕಂಪನಿಯವರೂ ಗಂಟು ಬಿದ್ದಿದ್ದರು. ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಕೊಡಿಸೋಕೆ ಇಷ್ಟು, ಕವರಿಗೆ ಇಷ್ಟು ಅಂತ ಉದ್ದದ ಪಟ್ಟಿ. ಐಎಸ್‌ಬಿಎನ್ ನಮ್ಮ ದೇಶದಲ್ಲಿ ಪುಕ್ಕಟೆ! ದೆಹಲಿಯ ರಾಜಾ ರಾಮಮೋಹನ್ ರಾಯ್ ಏಜೆನ್ಸಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಲೇಖಕರೂ ಹಾಕಬಹುದು. ಇನ್ನೊಬ್ಬರ ಹೆಸರಿನ ನಂಬರ್ ತಗೊಂಡರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗುತ್ತಾರೆ. ಅಷ್ಟು ಸಾಲದೇ ನಾನು ಅನುಭವಿಸಿದ್ದು?

ಪ್ರೆಸ್‌ನವರು ಪುಟ ಎಣಿಸಿ, "184 ಆಯ್ತು, ಹನ್ನೊಂದೂವರೆ ಫಾರಂ. ಎಂಟು ಪುಟ ಬರೆದುಬಿಡಿ, ಇಲ್ಲ ಎಂಟು ಪುಟ ತೆಗೆದುಬಿಡಿ" ಅಂದರು. ಹದಿನಾರು ಪುಟಕ್ಕೆ ಒಂದು ಫಾರಂ. ಅರ್ಧ ಫಾರಂ ಅವರಿಗೆ ಕಿರಿಕಿರಿ. ಒಂದು ಪ್ರಬಂಧ ತೆಗೆದೆ. ತೆಗೆದ ಮೇಲೆ ಪುಸ್ತಕ ಇನ್ನೂ ಚೆನ್ನಾಯಿತು, ಅದನ್ನು ಅವರಿಗೆ ಹೇಳಿಲ್ಲ. ಡೆಮಿ ಸೈಜು, 176 ಪುಟ, 500 ಪ್ರತಿ, 44,000 ರೂಪಾಯಿ. ಒಂದಕ್ಕೆ 88 ಬಿತ್ತು. ಬೆಲೆ 200 ಇಟ್ಟೆ. ಅಂಗಡಿಗೆ ಕೊಟ್ಟರೆ ನೂರಕ್ಕೆ ನಲವತ್ತು ಅವರಿಗೆ. ಇವತ್ತಿನ ಲೆಕ್ಕ: ನೇರವಾಗಿ ಹೋದದ್ದು 183, ಅಂಗಡಿಯಿಂದ 55, ಗೌರವಪ್ರತಿ 50. (ನಾನೂ ಗೌರವಪ್ರತಿ ಕೊಡುವವಳಾದೆ!) ಬಂದ ದುಡ್ಡು 43,200. ಅಚ್ಚಿನ ಖರ್ಚು ಹುಟ್ಟೋಕೆ ಇನ್ನೂ 800 ಬೇಕು. ಟೇಪು, ಪ್ಲಾಸ್ಟಿಕ್ ಕವರು, ತೀರ್ಥಹಳ್ಳಿಗೆ ಓಡಾಡಿದ ಬಸ್ಸು, ಇವನ್ನು ಬರೆದಿಟ್ಟೇ ಇಲ್ಲ. ಬರೆದರೆ ಜಾಸ್ತಿ ಬೇಜಾರಾಗುತ್ತದೆ.

ಅಂಚೆಯಲ್ಲಿ ಸ್ವಲ್ಪ ಅನುಕೂಲವಾಗಿದೆ. ರಿಜಿಸ್ಟರ್ಡ್ ಬುಕ್ ಪೋಸ್ಟ್ ಹೋದ ಡಿಸೆಂಬರಿನಲ್ಲಿ ನಿಂತಾಗ ಕೈಕಾಲು ಬಿದ್ದುಹೋಗಿತ್ತು. ಈ ಮೇ 1ರಿಂದ ಜ್ಞಾನ್ ಪೋಸ್ಟ್ ಬಂತು. 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ನನ್ನ ಪುಸ್ತಕ ಕಟ್ಟು ಸಮೇತ 250 ಗ್ರಾಂ ತೂಗುತ್ತದೆ. ಅಡಿಗೆಮನೆ ತಕ್ಕಡಿಯಲ್ಲಿ ತೂಗಿದ್ದು. 1954ರ ಕಾಯ್ದೆಯ ಪ್ರಕಾರ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಹೊಸ ಪುಸ್ತಕದ ಒಂದೊಂದು ಪ್ರತಿ ಮೂವತ್ತು ದಿನದೊಳಗೆ ಕಳಿಸಬೇಕು. ಪ್ರಕಾಶಕಿ ಅಂದಮೇಲೆ ಅದೂ ನನ್ನದೇ ಕೆಲಸ.

ದೊಡ್ಡ ತಲೆನೋವು ಆಗಿದ್ದು ಇವನ್ನು ಇಡೋದು ಎಲ್ಲಿ ಅನ್ನೋದು. ಜೂನ್ ಮೊದಲ ವಾರಕ್ಕೇ ಬೀರುವಿನಲ್ಲಿದ್ದ ಪುಸ್ತಕಗಳ ರಟ್ಟಿಗೆ ಬಿಳಿ ಬೂಸ್ಟು ಬಂತು. ಒಂದನ್ನು ತೆಗೆದರೆ ಹಾಳೆ ಮೆತ್ತಗೆ, ಹಪ್ಪಳ ನೀರಿಗೆ ಬಿದ್ದ ಹಾಗೆ. ಅತ್ತೆ ನೋಡಿ, "ಕೊಬ್ಬರಿ ಇಡೋ ಕಡೆ ಇಡು" ಅಂದರು. ಬಚ್ಚಲ ಒಲೆಯ ಮೇಲಿನ ಹೊಗೆ ಅಟ್ಟ. ಆ ಒಲೆ ಮಳೆಗಾಲವಿಡೀ ಆರೋದಿಲ್ಲ. ಗೋಣಿ ಹಾಸಿ, ರಟ್ಟಿನ ಪೆಟ್ಟಿಗೆ ಸಾಲಾಗಿ ಜೋಡಿಸಿದೆವು. ಒಂದೂ ಕೆಟ್ಟಿಲ್ಲ. ಆದರೆ ಪ್ರತಿಯೊಂದೂ ಹೊಗೆ ವಾಸನೆ. ಬೆಂಗಳೂರಿನ ಒಬ್ಬರು ವಾಪಸ್ ಕಳಿಸಬಹುದಾ ಅಂತ ಕೇಳಿದರು. ದಾವಣಗೆರೆಯಲ್ಲಿ ಸೊಸೆಯಾಗಿರುವ ಕೊಪ್ಪದ ಹೆಣ್ಣುಮಗಳೊಬ್ಬಳು, ಓದೋದಕ್ಕಿಂತ ಮೂಸಿದ್ದೇ ಜಾಸ್ತಿ ಅಂತ ಬರೆದಳು. ಇನ್ನೂ ಎರಡು ಕಳಿಸಿ ಅಂದಳು.

ಸಂಜೆ ಅತ್ತೆ ಕಾಫಿ ತಂದು ಪಕ್ಕದಲ್ಲಿ ಕೂತರು. ಏನು ತಿದ್ದುತ್ತಿದ್ದೀಯ ಅಂತ ಕೇಳಿದರು. ಇನ್ನೂ ತಿದ್ದದ ಒಂದು ಪ್ರತಿ ಕೊಟ್ಟೆ. ಕನ್ನಡಕ ಏರಿಸಿ ಆ ಸಾಲನ್ನು ನಿಧಾನವಾಗಿ ಓದಿದರು. ಜಗಲಿಯ ಆ ಮೂಲೆಯಲ್ಲಿ ನನ್ನ ಗಂಡ ಊಟ ಮುಗಿಸಿ ಕಂಬಳಿ ಹೊದ್ದು ಮಲಗಿದವರು ಇನ್ನೂ ಎದ್ದಿರಲಿಲ್ಲ. ಅತ್ತೆ ಒಮ್ಮೆ ಆ ಕಡೆ ನೋಡಿದರು, ಒಮ್ಮೆ ಪುಸ್ತಕ ನೋಡಿದರು.

"ತಿದ್ದೋದೇನು ಬಂತು? ಸರಿಯಾಗೇ ಇದೆಯಲ್ಲ" ಅಂದರು.