ನೂರಕ್ಕೆ ನೂರು ಬಂದ ದಿನ

ಎಂ.ಎಸ್ಸಿ. ಪ್ರಾಜೆಕ್ಟಿಗೆ ನನಗೆ ಸಿಕ್ಕಿದ್ದು ಈ. ಕೋಲೈ ಬ್ಯಾಕ್ಟೀರಿಯಾದ ಒಂದು ತಳಿ. 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತಿತ್ತು, 42ರಲ್ಲಿ ಬೆಳೆಯುತ್ತಲೇ ಇರಲಿಲ್ಲ. ಕೆಟ್ಟಿರುವ ಜೀನ್ ಎಲ್ಲಿದೆ ಅಂತ ಪಿ1 ಫೇಜ್ ಬಳಸಿ ಪತ್ತೆ ಮಾಡಬೇಕಿತ್ತು.

ಫೇಜ್ ಅಂದರೆ ಬ್ಯಾಕ್ಟೀರಿಯಾದೊಳಗೆ ಹೊಕ್ಕು ಮರಿ ಮಾಡುವ ವೈರಸ್. ಮರಿಗಳಿಗೆ ಡಿಎನ್‌ಎ ತುಂಬುವಾಗ ಅಪರೂಪಕ್ಕೆ ಎಡವಟ್ಟಾಗಿ ಬ್ಯಾಕ್ಟೀರಿಯಾದ್ದೇ ಒಂದು ತುಂಡು ಒಳಗೆ ಹೋಗಿಬಿಡುತ್ತದೆ. ಪಿ1ರಲ್ಲಿ ಸುಮಾರು 1 ಲಕ್ಷ ಬೇಸ್ (ಡಿಎನ್‌ಎಯ ಅಕ್ಷರ) ಉದ್ದದ ತುಂಡು. ಮನೆ ಖಾಲಿ ಮಾಡುವಾಗ ಅಕ್ಕಪಕ್ಕದ ಸಾಮಾನು ಒಂದೇ ಚೀಲಕ್ಕೆ ಬೀಳುತ್ತದಲ್ಲ, ಹಾಗೆ ಹತ್ತಿರದ ಜೀನ್‌ಗಳು ಜೊತೆಯಲ್ಲೇ ಸಾಗುತ್ತವೆ. 1952ರಲ್ಲಿ ಝಿಂಡರ್ ಮತ್ತು ಲೆಡರ್‌ಬರ್ಗ್ ಸಾಲ್ಮೊನೆಲ್ಲಾದಲ್ಲಿ ಫೇಜ್ ಹೀಗೆ ಜೀನ್ ಸಾಗಿಸುವುದನ್ನು ತೋರಿಸಿದರು.

ಟೆಟ್ರಾಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ತಡೆದುಕೊಳ್ಳುವ ಜೀನ್ ಗುರುತಾಗಿದ್ದ ಆರೋಗ್ಯವಂತ ತಳಿಯಲ್ಲಿ ಫೇಜ್ ಬೆಳೆಸಿದೆ. ಬ್ಯಾಕ್ಟೀರಿಯಾ ಒಡೆದು, ಮಬ್ಬಾಗಿದ್ದ ಫ್ಲಾಸ್ಕ್ ಕೆಲವೇ ಗಂಟೆಗಳಲ್ಲಿ ತಿಳಿಯಾಯಿತು. ಅದನ್ನು ನೋಡುತ್ತಾ ಊಟ ಮರೆತಿದ್ದೆ. ಫೇಜ್ ತುಂಬಿದ ಆ ತಿಳಿಯನ್ನು, ಅಂದರೆ ಲೈಸೇಟನ್ನು, ನನ್ನ ತಳಿಗೆ ಬೆರೆಸಿ, ಟೆಟ್ರಾಸೈಕ್ಲಿನ್ ಪ್ಲೇಟಿನ ಮೇಲೆ ಹರಡಿ, 30 ಡಿಗ್ರಿಯಲ್ಲಿಟ್ಟೆ. ಬಂದ ಕಾಲೊನಿಗಳಲ್ಲಿ 100ನ್ನು ಟೂತ್‌ಪಿಕ್‌ನಿಂದ ಎರಡೆರಡು ಪ್ಲೇಟಿಗೆ ತಾಗಿಸಿದೆ. ಒಂದು 30ಕ್ಕೆ, ಒಂದು 42ಕ್ಕೆ.

ಬೆಳಿಗ್ಗೆ ನೋಡಿದರೆ 42ರಲ್ಲೂ ನೂರಕ್ಕೆ ನೂರು! ಅಂದರೆ ಜೀನ್ ಗುರುತಿನ ಪಕ್ಕದಲ್ಲೇ ಇದೆ. ಮನೆಗೆ ಫೋನ್ ಮಾಡಿದೆ. "ಅಮ್ಮಾ, ಜೀನ್ ಸಿಕ್ತು." "ಯಾರದ್ದೋ?" ಅಂದಳು ಅಮ್ಮ.

ಲ್ಯಾಬಿನ ಸೀನಿಯರ್ ನಗಲಿಲ್ಲ. "ಕಂಟ್ರೋಲ್ ನೋಡಿದ್ಯಾ?"

ನೋಡಿರಲಿಲ್ಲ. ಬರೀ ಲೈಸೇಟ್ ಹಾಕಿದ್ದ ಪ್ಲೇಟ್ ಇನ್‌ಕ್ಯುಬೇಟರಿನ ಕೆಳಗಿನ ಹಲಗೆಯಲ್ಲಿತ್ತು. ಏನೂ ಬೆಳೆಯಬಾರದಿದ್ದ ಅದರ ತುಂಬ ಕಾಲೊನಿಗಳು. ಉಳಿದ ಬ್ಯಾಕ್ಟೀರಿಯಾ ಸಾಯಲಿ ಅಂತ ಲೈಸೇಟಿಗೆ ನಾಲ್ಕು ಹನಿ ಕ್ಲೋರೋಫಾರ್ಮ್ ಹಾಕಬೇಕು. ನಾನು ಹಾಕಿರಲಿಲ್ಲ. ಇಷ್ಟು ಹೊತ್ತು ಎಣಿಸಿದ್ದು ಆ ಆರೋಗ್ಯವಂತ ತಳಿಯನ್ನೇ! ಅದು 42ರಲ್ಲಿ ಬೆಳೆಯದೆ ಇನ್ನೇನು ಮಾಡೀತು?

ಮೊದಲಿಂದ ಶುರು. ಈ ಸಲ 100ರಲ್ಲಿ 52 ಬೆಳೆದವು. ಎರಡು ಜೀನ್ ಎಷ್ಟು ಸಲ ಜೊತೆಯಲ್ಲಿ ಸಾಗಿದವು ಅನ್ನುವುದರಿಂದ ದೂರ ಲೆಕ್ಕ ಹಾಕುವ ವೂ ಅವರ ಸೂತ್ರಕ್ಕೆ ಹಾಕಿದರೆ, ದೂರವನ್ನು ನಿಮಿಷದಲ್ಲಿ ಅಳೆಯುವ ಈ. ಕೋಲೈಯ 100 ನಿಮಿಷದ ಜೀನ್ ನಕ್ಷೆಯಲ್ಲಿ ಗುರುತಿನಿಂದ ಸುಮಾರು 0.4 ನಿಮಿಷ ದೂರ. ಬೇಸ್ ಲೆಕ್ಕದಲ್ಲಿ 18 ಸಾವಿರದಷ್ಟು. ಎಡಕ್ಕೋ ಬಲಕ್ಕೋ ಗೊತ್ತಿಲ್ಲ, ಅದಕ್ಕೆ ಇನ್ನೊಂದು ಗುರುತು ಬೇಕು.

ಅಮ್ಮನಿಗೆ ಫೋನ್ ಮಾಡುವ ಮುಂಚೆ ಕಂಟ್ರೋಲ್ ಪ್ಲೇಟ್ ತೆಗೆದು ಬೆಳಕಿಗೆ ಹಿಡಿದೆ. ಖಾಲಿ ಇತ್ತು.